ಬರ್ತಾನಂತೆ, ಹೋಗ್ತಾನಂತೆ: ಬೇಸಿಗೆಯ ಅಂತೆ-ಕಂತೆಗಳ ಒಂದು ಸಣ್ಣ ಚರಿತ್ರೆ

ಕನ್ನಡ ಕಲೀತಿರೋ ನಮ್ಮ ಮಕ್ಕಳಿಗಾಗಿ ಮೊದಲು ಒಂದು ವ್ಯಾಕರಣದ ಮಾತು ಹೇಳಿ, ಆಮೇಲೆ ಫುಟ್‌ಬಾಲ್‌ಗೆ ಬರ್ತೀನಿ.

"ರೂನಿ ಬರ್ತಾನೆ" ಅಂದರೆ ಅದು ಸುದ್ದಿ. ಹೇಳಿದವರು ಅದಕ್ಕೆ ಜವಾಬ್ದಾರರು. "ರೂನಿ ಬರ್ತಾನಂತೆ" ಅಂದರೆ ಕಥೆಯೇ ಬೇರೆ. ಯಾರೋ ಹೇಳಿದರು, ನಾನು ಕೇಳಿದೆ, ನಿಮಗೆ ದಾಟಿಸಿದೆ, ಸುಳ್ಳಾದರೆ ನನ್ನ ಮೇಲೆ ಬರಬೇಡಿ. ಇಷ್ಟನ್ನೂ ನಮ್ಮ ಭಾಷೆ ಕೊನೆಯಲ್ಲಿ ಒಂದು "ಅಂತೆ" ಸೇರಿಸಿ ಹೇಳಿಬಿಡುತ್ತದೆ. ಇಂಗ್ಲಿಷಿನವರು ಇದಕ್ಕೆ "ಮೂಲಗಳ ಪ್ರಕಾರ" ಅಂತ ಒಂದು ಸಾಲು ಬರೀಬೇಕು. ವದಂತಿ ಅನ್ನೋ ಪದವೂ ಹೀಗೇ. ಸಂಸ್ಕೃತದಲ್ಲಿ "ವದಂತಿ" ಅಂದರೆ "ಹೇಳುತ್ತಾರೆ" ಅಂತ ಅಷ್ಟೇ. ಯಾರು ಹೇಳುತ್ತಾರೆ ಅಂತ ಮಾತ್ರ ಕೇಳಬಾರದು.

ಫುಟ್‌ಬಾಲ್ ಅಭಿಮಾನಿಯ ಬೇಸಿಗೆ ಪೂರ್ತಿ ಈ "ಅಂತೆ" ಮೇಲೆ ನಡೆಯುತ್ತದೆ. ಪಂದ್ಯ ಇರಲ್ಲ, ಅಂಕಪಟ್ಟಿ ಇರಲ್ಲ. ಇರೋದು ಇಷ್ಟೇ: ಅವನು ಬರ್ತಾನಂತೆ, ಇವನು ಹೋಗ್ತಾನಂತೆ, ಅವನ ಹೆಂಡತಿಗೆ ಈ ಊರು ಇಷ್ಟ ಇಲ್ಲವಂತೆ. ನಾನಿರೋದು ವಾಷಿಂಗ್ಟನ್ ಪಕ್ಕದ ವರ್ಜೀನಿಯಾದಲ್ಲಿ. ಅದಕ್ಕೂ ಮುಂಚೆ ಕೆಲವು ವರ್ಷ ಅಟ್ಲಾಂಟಾದಲ್ಲಿದ್ದೆ. ಈ ಎರಡು ಊರು ಮತ್ತು ಮಧ್ಯದ ಕ್ಯಾರೊಲೈನಾಗಳಲ್ಲಿ ಫುಟ್‌ಬಾಲ್ ಅಂದರೆ ಇಂದಿಗೂ ಜನ ಮೊದಲು ನೆನೆಸೋದು ಹೆಲ್ಮೆಟ್ ಹಾಕಿಕೊಂಡು ಆಡೋ ಆಟವನ್ನೇ. ಆದರೂ ಆಟಗಾರರು ಬಂದು ಹೋದ ಕಥೆಗಳಿಗೆ ಇಲ್ಲಿ ಅರ್ಧ ಶತಮಾನಕ್ಕೂ ಮೀರಿದ ಇತಿಹಾಸ ಇದೆ. ಆ ಕಥೆಗಳನ್ನು ಹೇಳೋಕೆ ಮುಂಚೆ ನಮ್ಮ ಮನೆಯ ಕಥೆ.

ಮೇ ತಿಂಗಳ ಮನೆ

ನಮ್ಮ ತಂದೆ ಸರ್ಕಾರಿ ನೌಕರರು. ಕರ್ನಾಟಕದಲ್ಲಿ ಸರ್ಕಾರಿ ನೌಕರರ ಮಕ್ಕಳಾಗಿ ಬೆಳೆದವರಿಗೆ ನಾನು ಏನು ಹೇಳಹೊರಟಿದ್ದೀನಿ ಅಂತ ಈಗಲೇ ಗೊತ್ತಾಗಿರುತ್ತೆ. ಮೇ ತಿಂಗಳು ಬಂತು ಅಂದರೆ ಮಾವಿನಹಣ್ಣು, ಧಗೆ, ಮತ್ತೆ ವರ್ಗಾವಣೆ. ಶಾಲೆ ಶುರುವಾಗೋ ಮುಂಚೆ ಪಟ್ಟಿ ಬರಬೇಕು. ಪಟ್ಟಿ ಬರೋತನಕ ಮನೆಯಲ್ಲಿ ಪಿಸುಮಾತು. "ಹಾಸನಕ್ಕೆ ಹಾಕ್ತಾರಂತೆ." "ಇಲ್ಲ, ಈ ವರ್ಷ ಉಳಿಸ್ಕೋತಾರಂತೆ." "ಬೀದರ್ ಅಂತೆ ಕಣೇ." ಅಮ್ಮ ಅಡುಗೆಮನೆಯಲ್ಲಿ ಬೀದರ್ ಅನ್ನೋ ಪದವನ್ನ ತನಗೆ ತಾನೇ ಒಂದು ಸಲ ಹೇಳಿಕೊಂಡಿದ್ದು ನನಗೆ ಇನ್ನೂ ನೆನಪಿದೆ.

ಎಂಟು ವರ್ಷದಲ್ಲಿ ನಾನು ನಾಲ್ಕು ಶಾಲೆ ಬದಲಾಯಿಸಿದೆ. ಪ್ರತಿ ಸಲವೂ ನನಗೆ ಮೊದಲು ಗೊತ್ತಾಗಿದ್ದು "ಅಂತೆ"ಯಿಂದ, ಅದೂ ಬಾಗಿಲ ಹಿಂದೆ ನಿಂತು. ಫುಟ್‌ಬಾಲ್ ಟ್ರಾನ್ಸ್‌ಫರ್ ಸುದ್ದಿ ಓದುವಾಗ ಎಲ್ಲರೂ ಕ್ಲಬ್ಬಿನ ಕಡೆ, ಅಭಿಮಾನಿಯ ಕಡೆ ನಿಂತು ನೋಡ್ತಾರೆ. ನನಗೆ ಮಾತ್ರ ಆ ಆಟಗಾರನ ಮನೆಯಲ್ಲಿ ಬಾಗಿಲ ಹಿಂದೆ ನಿಂತಿರೋ ಮಗು ಕಾಣುತ್ತೆ.

ಅಟ್ಲಾಂಟಾ, 1968: ಬಂದವನು ಹೆಸರು ತಗೊಂಡು ಹೋದ

ಅಟ್ಲಾಂಟಾದಲ್ಲಿ ವೃತ್ತಿಪರ ಫುಟ್‌ಬಾಲ್ 2017ರಲ್ಲಿ ಅಟ್ಲಾಂಟಾ ಯುನೈಟೆಡ್ ಜೊತೆ ಶುರುವಾಯಿತು ಅಂತ ಅಂದುಕೊಂಡವರು ತುಂಬಾ ಜನ. ಅದಕ್ಕೂ ಐವತ್ತು ವರ್ಷ ಮುಂಚೆ, 1967ರಲ್ಲಿ, ಅಟ್ಲಾಂಟಾ ಚೀಫ್ಸ್ ಅನ್ನೋ ತಂಡ ಇತ್ತು. ಬೇಸ್‌ಬಾಲ್‌ನ ಬ್ರೇವ್ಸ್ ತಂಡದವರೇ ಅದರ ಮಾಲೀಕರು. ಆಡುತ್ತಲೇ ತರಬೇತಿಯನ್ನೂ ಕೊಡುತ್ತಿದ್ದವರು ವೇಲ್ಸ್ ದೇಶದ ಫಿಲ್ ವೂಸ್ನಮ್. ಇಂಗ್ಲೆಂಡಿನ ಆಸ್ಟನ್ ವಿಲ್ಲಾದಿಂದ ಬಂದವರು.

ವೂಸ್ನಮ್ ಆಟಗಾರರನ್ನ ಹುಡುಕಿಕೊಂಡು ಆಫ್ರಿಕಾದವರೆಗೂ ಹೋದರು. ಹಾಗೆ ಸಿಕ್ಕವನು ದಕ್ಷಿಣ ಆಫ್ರಿಕಾದ ಸೊವೆಟೊದ ಕೈಜರ್ ಮೊಟೌಂಗ್. ವರ್ಣಭೇದ ನೀತಿಯ ಕಾಲ ಅದು. ಸೊವೆಟೊದ ಕಪ್ಪು ಹುಡುಗನಿಗೆ ಅವನ ದೇಶದಲ್ಲೇ ಬಿಳಿಯರ ತಂಡದ ಎದುರು ಆಡೋ ಹಾಗಿರಲಿಲ್ಲ. ಅವನು ಬಂದಿಳಿದ ಅಟ್ಲಾಂಟಾವೋ, 1968ರ ಏಪ್ರಿಲ್‌ನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರ ಅಂತ್ಯಯಾತ್ರೆ ಕಂಡ ಊರು.

ಆ ವರ್ಷ ಚೀಫ್ಸ್ ಮಾಡಿದ್ದನ್ನ ಇವತ್ತಿಗೂ ಜನ ನಂಬಲ್ಲ. ಇಂಗ್ಲೆಂಡಿನ ಚಾಂಪಿಯನ್ ಆಗಿದ್ದ ಮ್ಯಾಂಚೆಸ್ಟರ್ ಸಿಟಿ ಪ್ರವಾಸ ಬಂದಾಗ ಅವರನ್ನ ಒಂದಲ್ಲ, ಎರಡು ಸಲ ಸೋಲಿಸಿದರು. ಮೇ ತಿಂಗಳಲ್ಲಿ 3-2, ಜೂನ್‌ನಲ್ಲಿ 2-1. ವರ್ಷದ ಕೊನೆಗೆ ನಾರ್ತ್ ಅಮೆರಿಕನ್ ಸಾಕರ್ ಲೀಗಿನ ಮೊದಲ ಚಾಂಪಿಯನ್ ಪಟ್ಟವೂ ಅವರದ್ದೇ. ಮೊಟೌಂಗ್ 16 ಗೋಲು ಹೊಡೆದು ಲೀಗಿನ ಅತ್ಯುತ್ತಮ ಹೊಸಬ ಅನ್ನಿಸಿಕೊಂಡ.

ಆಮೇಲೆ ಊರಿಗೆ ವಾಪಸು ಹೋದ. 1970ರ ಜನವರಿಯಲ್ಲಿ ತನ್ನದೇ ತಂಡ ಕಟ್ಟಿದ. ಹೆಸರು? ತನ್ನ ಹೆಸರಿನ ಕೈಜರ್, ಅಟ್ಲಾಂಟಾದ ಚೀಫ್ಸ್, ಎರಡೂ ಸೇರಿ ಕೈಜರ್ ಚೀಫ್ಸ್. ಲಾಂಛನವೂ ಅಟ್ಲಾಂಟಾ ಲಾಂಛನದ ಮಾದರಿಯದ್ದೇ. ಇವತ್ತು ಅದು ಆಫ್ರಿಕಾದ ಅತ್ಯಂತ ಜನಪ್ರಿಯ ಕ್ಲಬ್ಬುಗಳಲ್ಲಿ ಒಂದು. ಅಟ್ಲಾಂಟಾ ಚೀಫ್ಸ್ ಮುಚ್ಚಿ ದಶಕಗಳಾದವು. ಹೆಸರು ಮಾತ್ರ ಸಾಗರದಾಚೆ ಉಳಿದಿದೆ. ಅಟ್ಲಾಂಟಾದಲ್ಲಿದ್ದ ಅಷ್ಟು ವರ್ಷದಲ್ಲಿ ಈ ಕಥೆ ನನಗೆ ಒಬ್ಬರೂ ಹೇಳಲಿಲ್ಲ. ಹೇಳಿದ್ದು ಆಫೀಸಿನಲ್ಲಿದ್ದ ದಕ್ಷಿಣ ಆಫ್ರಿಕಾದ ಒಬ್ಬ ಸಹೋದ್ಯೋಗಿ, ಅದೂ "ನಿಮ್ಮ ಊರಿನ ಹೆಸರು ನಮ್ಮ ಜರ್ಸಿ ಮೇಲಿದೆ, ಗೊತ್ತಾ?" ಅಂತ.

ವಲಸೆ ಹೋದವರು ಏನು ತಗೊಂಡು ಬರ್ತಾರೆ ಅಂತ ಎಲ್ಲರೂ ಕೇಳ್ತಾರೆ. ಏನು ತಗೊಂಡು ವಾಪಸು ಹೋಗ್ತಾರೆ ಅಂತ ಕೇಳೋರು ಕಡಿಮೆ.

ವಾಷಿಂಗ್ಟನ್, 1980: ಬಂದಿದ್ದೂ ನಿಜ, ಮುಳುಗಿದ್ದೂ ನಿಜ

ವಾಷಿಂಗ್ಟನ್ನಿನಲ್ಲಿ ಎಪ್ಪತ್ತರ ದಶಕದಲ್ಲಿ ಡಿಪ್ಲೊಮ್ಯಾಟ್ಸ್ ಅನ್ನೋ ತಂಡ ಇತ್ತು. ರಾಯಭಾರ ಕಚೇರಿಗಳ ಊರಿಗೆ ತಕ್ಕ ಹೆಸರು. ನ್ಯೂಯಾರ್ಕಿನ ಕಾಸ್ಮೋಸ್ ತಂಡಕ್ಕೆ ಪೆಲೆ ಬಂದ ಮೇಲೆ ಪ್ರತಿ ಊರಿಗೂ ತನ್ನದೇ ಒಬ್ಬ ಪೆಲೆ ಬೇಕು ಅನ್ನಿಸಿತ್ತು. 1980ರಲ್ಲಿ ಡಿಪ್ಲೊಮ್ಯಾಟ್ಸ್‌ಗೆ ಸಿಕ್ಕವನು ಯೋಹಾನ್ ಕ್ರಾಯ್ಫ್. ಹಾಲೆಂಡಿನ ಕ್ರಾಯ್ಫ್, ಬಾರ್ಸಿಲೋನಾದ ಕ್ರಾಯ್ಫ್. ಹಿಂದಿನ ವರ್ಷ ಲಾಸ್ ಏಂಜಲೀಸ್ ಪರ ಆಡಿ ಲೀಗಿನ ಅತ್ಯುತ್ತಮ ಆಟಗಾರ ಅನ್ನಿಸಿಕೊಂಡಿದ್ದ.

ಇಲ್ಲಿ "ಅಂತೆ" ನಿಜವಾಯಿತು. ಆ ಬೇಸಿಗೆ ಕಾಸ್ಮೋಸ್ ವಿರುದ್ಧದ ಪಂದ್ಯಕ್ಕೆ ಆರ್‌ಎಫ್‌ಕೆ ಕ್ರೀಡಾಂಗಣದಲ್ಲಿ 53 ಸಾವಿರಕ್ಕೂ ಹೆಚ್ಚು ಜನ ಸೇರಿದರು. ಆದರೆ ಉಳಿದ ದಿನಗಳ ಲೆಕ್ಕ ಕೂಡಿಬರಲಿಲ್ಲ. ಆ ವರ್ಷ ಮುಗಿಯುತ್ತಲೇ ಮಾಲೀಕರು ಕೈಚೆಲ್ಲಿದರು, ತಂಡ ಮುಚ್ಚಿತು. 1981ರಲ್ಲಿ ಡೆಟ್ರಾಯಿಟ್‌ನ ತಂಡವೊಂದು ಇಲ್ಲಿಗೆ ಬಂದು ಅದೇ ಹೆಸರಿಟ್ಟುಕೊಂಡಿತು. ಕ್ರಾಯ್ಫ್ ಕೆಲವು ಪಂದ್ಯಕ್ಕೆ ಮತ್ತೆ ಬಂದ. ಆ ತಂಡವೂ ಒಂದೇ ವರ್ಷದಲ್ಲಿ ಮುಚ್ಚಿತು.

ಅದೇ 1981ರಲ್ಲಿ ದಕ್ಷಿಣಕ್ಕೆ ಆರು ಗಂಟೆ ಕಾರು ಓಡಿಸಿದರೆ ಸಿಗೋ ಶಾರ್ಲಟ್‌ನಲ್ಲಿ ಬೇರೆಯದೇ ಕಥೆ. ಕ್ಯಾರೊಲೈನಾ ಲೈಟ್ನಿನ್ ಅನ್ನೋ ಹೊಸ ತಂಡ, ಇಂಗ್ಲೆಂಡಿನ ಹಳೇ ಆಟಗಾರ ರಾಡ್ನಿ ಮಾರ್ಷ್ ತರಬೇತುದಾರ. ದೊಡ್ಡ ಲೀಗಲ್ಲ, ದೊಡ್ಡ ಹೆಸರುಗಳಿಲ್ಲ. ಮೊದಲ ವರ್ಷವೇ ಅಮೆರಿಕನ್ ಸಾಕರ್ ಲೀಗ್ ಗೆದ್ದರು. ಫೈನಲ್‌ಗೆ 20 ಸಾವಿರಕ್ಕೂ ಹೆಚ್ಚು ಜನ. ಆ ಲೀಗೇ 1983ರ ನಂತರ ಉಳಿಯಲಿಲ್ಲ. ಶಾರ್ಲಟ್ ದೊಡ್ಡ ಲೀಗಿಗಾಗಿ 2022ರ ಮಾರ್ಚ್ 5ರವರೆಗೆ ಕಾಯಬೇಕಾಯಿತು. ಆ ದಿನ ಶಾರ್ಲಟ್ ಎಫ್‌ಸಿಯ ಮೊದಲ ತವರು ಪಂದ್ಯಕ್ಕೆ 74,479 ಜನ. ತಂಡ ಸೋತಿತು, ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ.

ಯಾರ ಕೈಲಿದೆ ಕಾಗದ?

ಇಲ್ಲಿ ಸ್ವಲ್ಪ ನಿಲ್ಲೋಣ. ಆಟಗಾರ ಒಂದು ಕ್ಲಬ್ ಬಿಟ್ಟು ಇನ್ನೊಂದಕ್ಕೆ ಹೋಗ್ತಾನೆ ಅಂತೀವಲ್ಲ, ನಿಜವಾಗಿ ಹೋಗೋ ತೀರ್ಮಾನ ಯಾರದ್ದು?

1905ರಲ್ಲಿ ಆಲ್ಫ್ ಕಾಮನ್ ಅನ್ನೋ ಇಂಗ್ಲಿಷ್ ಆಟಗಾರನನ್ನ ಮಿಡಲ್ಸ್‌ಬರೋ ಕ್ಲಬ್ 1,000 ಪೌಂಡ್ ಕೊಟ್ಟು ತಂದಿತು. ಮೊದಲ ಸಲ ಸಾವಿರ ಮುಟ್ಟಿದ ವ್ಯವಹಾರ. ಮನುಷ್ಯನನ್ನ ದನದ ಜಾತ್ರೆಯ ಹಾಗೆ ಬೆಲೆ ಕಟ್ಟೋದಾ ಅಂತ ಆಗಲೇ ಗಲಾಟೆಯಾಯಿತು. ಆ ಕಾಲದ ಇಂಗ್ಲೆಂಡಿನಲ್ಲಿ ಒಪ್ಪಂದ ಮುಗಿದರೂ ಆಟಗಾರನ ನೋಂದಣಿ ಕ್ಲಬ್ಬಿನ ಹತ್ತಿರವೇ ಇರುತ್ತಿತ್ತು. ಕ್ಲಬ್ ಬಿಡದೆ ಇದ್ದರೆ ಬೇರೆ ಕಡೆ ಆಡೋ ಹಾಗಿಲ್ಲ. 1960ರಲ್ಲಿ ನ್ಯೂಕ್ಯಾಸಲ್‌ನ ಜಾರ್ಜ್ ಈಸ್ಟಮ್ ಇದಕ್ಕೆ ಸಿಡಿದು ಆಟವನ್ನೇ ನಿಲ್ಲಿಸಿ ಬೇರೆ ಕೆಲಸಕ್ಕೆ ಸೇರಿದ. 1963ರಲ್ಲಿ ನ್ಯಾಯಾಲಯ ಅವನ ಮಾತು ಅರ್ಧ ಒಪ್ಪಿತು.

ಇನ್ನರ್ಧಕ್ಕೆ ಬೆಲ್ಜಿಯಂನ ಜಾನ್-ಮಾರ್ಕ್ ಬೊಸ್ಮನ್ ಬರಬೇಕಾಯಿತು. 1990ರಲ್ಲಿ ಅವನ ಒಪ್ಪಂದ ಮುಗಿದಿತ್ತು, ಹಳೇ ಕ್ಲಬ್ ಸಂಬಳ ಕಡಿತ ಮಾಡಿತ್ತು, ಫ್ರಾನ್ಸಿನ ಕ್ಲಬ್ ಕರೆದಿತ್ತು. ಆದರೂ ಹಳೇ ಕ್ಲಬ್ ದುಡ್ಡು ಕೇಳಿ ತಡೆಯಿತು. ಐದು ವರ್ಷ ಕೋರ್ಟು ಅಲೆದ. 1995ರ ಡಿಸೆಂಬರ್ 15ರಂದು ಯುರೋಪಿನ ನ್ಯಾಯಾಲಯ ಅವನ ಪರ ತೀರ್ಪು ಕೊಟ್ಟಿತು. ಒಪ್ಪಂದ ಮುಗಿದ ಮೇಲೆ ಆಟಗಾರ ಸ್ವತಂತ್ರ. ಅವನ ಹೆಸರಿನಲ್ಲಿ ಸಾವಿರಾರು ಆಟಗಾರರು ಶ್ರೀಮಂತರಾದರು. ಅವನ ಆಟದ ವಯಸ್ಸು ಮಾತ್ರ ಕೋರ್ಟಿನ ಮೆಟ್ಟಿಲ ಮೇಲೇ ಮುಗಿದಿತ್ತು.

ನಮ್ಮ ಕಡೆ ಇದರ ಇನ್ನೊಂದು ರೂಪ ಇತ್ತು. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ರೋವರ್ಸ್ ಕಪ್ ಗೆದ್ದಾಗ, ಆ ಕಪ್ ಗೆದ್ದ ಮೊದಲ ಭಾರತೀಯ ತಂಡ ಅದಾಗಿತ್ತು. ಮುಂದಿನ ವರ್ಷವೂ ಗೆದ್ದರು. ಅಂಥ ಊರಲ್ಲಿ ಬೆಳೆದ ಅಹ್ಮದ್ ಖಾನ್ 1948ರ ಲಂಡನ್ ಒಲಿಂಪಿಕ್ಸ್ ಆಡಿ ಬಂದರು. ಆದರೆ ದುಡ್ಡು, ಹೆಸರು ಎರಡೂ ಇದ್ದಿದ್ದು ಕಲ್ಕತ್ತಾದಲ್ಲಿ. 1949ರಲ್ಲಿ ಅವರು ಈಸ್ಟ್ ಬೆಂಗಾಲ್ ಸೇರಿದರು. ಅಲ್ಲಿ ವೆಂಕಟೇಶ್, ಅಪ್ಪಾರಾವ್, ಧನರಾಜ್, ಸಾಲೆ ಜೊತೆಗೆ ಅವರನ್ನೂ ಸೇರಿಸಿ ಬಂಗಾಳಿಗಳು "ಪಂಚಪಾಂಡವರು" ಅಂತ ಕರೆದರು. ಐವರೂ ದಕ್ಷಿಣದವರು! ನಂತರದ ದಶಕಗಳಲ್ಲಿ ಕಲ್ಕತ್ತಾದ ದಳಬದಲಿನ ದಿನಗಳು ಎಷ್ಟು ಬಿಸಿಯಾದವು ಅಂದರೆ, ಎದುರಾಳಿ ಕ್ಲಬ್ಬಿನವರು ಹೊತ್ತೊಯ್ಯದಿರಲಿ ಅಂತ ಆಟಗಾರರನ್ನ ಸಹಿ ಹಾಕೋವರೆಗೂ ಗುಟ್ಟಾದ ಮನೆಗಳಲ್ಲಿ ಬಚ್ಚಿಡುತ್ತಿದ್ದರು.

ಬೆಂಗಳೂರಿನಲ್ಲೇ ಉಳಿದವರಿಗೆ ಐಟಿಐ, ಎಚ್‌ಎಎಲ್, ಬಿಇಎಲ್ ಥರದ ಕಾರ್ಖಾನೆಗಳ ತಂಡಗಳಿದ್ದವು. ಅಲ್ಲಿ ಆಟಗಾರ ಬಯಸುತ್ತಿದ್ದದ್ದು ಟ್ರಾನ್ಸ್‌ಫರ್ ದುಡ್ಡಲ್ಲ, ಕಾಯಂ ನೌಕರಿ. ಆಸ್ಟಿನ್ ಟೌನ್, ಗೌತಮಪುರದ ಎಷ್ಟೋ ಹುಡುಗರಿಗೆ ಫುಟ್‌ಬಾಲ್ ಅಂದರೆ ತಿಂಗಳ ಸಂಬಳ, ಪಿಂಚಣಿ.

ಈಗ ನಮ್ಮದೇ ಕಾಗದಕ್ಕೆ ಬರೋಣ. ನಾವೆಲ್ಲ "ಎಚ್-1ಬಿ ಟ್ರಾನ್ಸ್‌ಫರ್" ಅಂತೀವಲ್ಲ, ಕಾನೂನಿನಲ್ಲಿ ಆ ಹೆಸರೇ ಇಲ್ಲ. ಹೊಸ ಕಂಪನಿ ಹೊಸದಾಗಿ ಅರ್ಜಿ ಹಾಕುತ್ತೆ, ಅಷ್ಟೇ. 2000ದ ಅಕ್ಟೋಬರ್‌ನಲ್ಲಿ ಬಂದ ಕಾನೂನು, ಅರ್ಜಿ ಹಾಕಿದ ಕೂಡಲೇ ಹೊಸ ಕೆಲಸ ಶುರು ಮಾಡಬಹುದು ಅಂತ ಅನುಕೂಲ ಮಾಡಿಕೊಟ್ಟಿತು. ಅದಕ್ಕೆ ಮುಂಚೆ ಒಪ್ಪಿಗೆ ಬರೋತನಕ ಹಳೇ ಕಡೆಯೇ ಕಾಯಬೇಕಿತ್ತು. ನಾನು ಇದನ್ನ "ನಮ್ಮ ಬೊಸ್ಮನ್ ತೀರ್ಪು" ಅಂತ ತಮಾಷೆ ಮಾಡ್ತಿರ್ತೀನಿ. ಪೂರ್ತಿ ತಮಾಷೆಯಲ್ಲ. ಕೆಲಸ ಹೋದರೆ ಇನ್ನೊಂದು ಹುಡುಕೋಕೆ ಹೆಚ್ಚೆಂದರೆ 60 ದಿನ. ಅದು ನಮ್ಮ ಟ್ರಾನ್ಸ್‌ಫರ್ ವಿಂಡೋ.

ಮೇರಿಲ್ಯಾಂಡಿನ ಹುಡುಗ

ಈ ಪ್ರದೇಶದ ಅತಿ ದೊಡ್ಡ "ಅಂತೆ" ಒಬ್ಬ ಹುಡುಗನ ಮೇಲೆ ಕೂತಿತ್ತು. ಫ್ರೆಡ್ಡಿ ಆಡು ಹುಟ್ಟಿದ್ದು 1989ರಲ್ಲಿ, ಘಾನಾದ ಟೆಮಾದಲ್ಲಿ. ತಾಯಿಗೆ ಲಾಟರಿಯಲ್ಲಿ ಗ್ರೀನ್ ಕಾರ್ಡ್ ಸಿಕ್ಕಿ 1997ರಲ್ಲಿ ಕುಟುಂಬ ಮೇರಿಲ್ಯಾಂಡಿನ ರಾಕ್‌ವಿಲ್‌ಗೆ ಬಂತು. ನಮ್ಮಲ್ಲಿ ಎಷ್ಟೋ ಜನರ ಮನೆ ಇರೋ ಅದೇ ರಾಕ್‌ವಿಲ್. ಹತ್ತು ವರ್ಷದವನಿದ್ದಾಗಲೇ ಇಟಲಿಯ ದೊಡ್ಡ ಕ್ಲಬ್ ಲಕ್ಷಗಟ್ಟಲೆ ಡಾಲರ್ ಕೊಡೋಕೆ ಬಂದಿತ್ತಂತೆ. ತಾಯಿ ಬೇಡ ಅಂದರಂತೆ.

ಮುಂದಿನದ್ದಕ್ಕೆ "ಅಂತೆ" ಬೇಕಿಲ್ಲ. 2003ರ ನವೆಂಬರ್‌ನಲ್ಲಿ, 14ನೇ ವಯಸ್ಸಿಗೆ, ಅವನು ಮೇಜರ್ ಲೀಗ್ ಸಾಕರ್ ಜೊತೆ ಸಹಿ ಹಾಕಿದ. ಜನವರಿಯಲ್ಲಿ ಮನೆ ಹತ್ತಿರದ ಡಿ.ಸಿ. ಯುನೈಟೆಡ್ ಅವನನ್ನ ಮೊದಲ ಆಯ್ಕೆಯಾಗಿ ತಗೊಂಡಿತು. 2004ರ ಏಪ್ರಿಲ್ 3ರಂದು ಆರ್‌ಎಫ್‌ಕೆಯಲ್ಲಿ ಮೈದಾನಕ್ಕಿಳಿದ. ಎರಡು ವಾರದಲ್ಲಿ ಮೊದಲ ಗೋಲು. ಆ ವರ್ಷ ತಂಡ ಕಪ್ಪನ್ನೂ ಗೆದ್ದಿತು. ಪತ್ರಿಕೆಗಳು "ಹೊಸ ಪೆಲೆ" ಅಂದವು. ಹದಿನಾಲ್ಕು ವರ್ಷದ ಮಗುವನ್ನ ಪೆಲೆ ಅಂದರೆ ಅದು ಹೊಗಳಿಕೆಯೋ, ಹೊರೆಯೋ?

2006ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್‌ನಲ್ಲಿ ಕೆಲವು ದಿನ ಅಭ್ಯಾಸ, ಆಮೇಲೆ ಸಾಲ್ಟ್ ಲೇಕ್, 2007ರಲ್ಲಿ ಪೋರ್ಚುಗಲ್‌ನ ಬೆನ್ಫಿಕಾ. ಅಲ್ಲಿಂದ ಮೊನಾಕೊ, ಗ್ರೀಸ್, ಟರ್ಕಿ, ಫಿಲಡೆಲ್ಫಿಯಾ, ಬ್ರೆಜಿಲ್, ಸರ್ಬಿಯಾ, ಫಿನ್ಲೆಂಡ್, ಲಾಸ್ ವೇಗಸ್, ಸ್ವೀಡನ್. ಪ್ರತಿ ಬೇಸಿಗೆಗೂ ಒಂದು ಹೊಸ ಊರು, "ಈ ಸಲ ಮಿಂಚ್ತಾನಂತೆ" ಅಂತ ಹೊಸ ಮಾತು, ಪ್ರತಿ ಸಲ ಸ್ವಲ್ಪ ಚಿಕ್ಕ ಕ್ಲಬ್.

ಕನ್ನಡ ಕೂಟದ ಕಾರ್ಯಕ್ರಮಗಳಲ್ಲಿ ಅಪ್ಪ-ಅಮ್ಮಂದಿರು ಮಾತಾಡೋದನ್ನ ಕೇಳಿದಾಗ ನನಗೆ ಆಡು ನೆನಪಾಗ್ತಾನೆ. "ಅವರ ಮಗಳು ಸ್ಪೆಲಿಂಗ್ ಬೀನಲ್ಲಿ ಗೆಲ್ತಾಳಂತೆ." "ಇವರ ಮಗನಿಗೆ ಎಂಐಟಿ ಗ್ಯಾರಂಟಿಯಂತೆ." ಮಾತು ಆಡಿದವರು ಊಟದ ಸಾಲಿಗೆ ಹೋಗ್ತಾರೆ. ಆ "ಅಂತೆ"ಯನ್ನ ಹೊತ್ತುಕೊಂಡು ಮನೆಗೆ ಹೋಗೋದು ಮಗು.

2019, ಜನವರಿ 31

ಒಂದೇ ದಿನ, ಎರಡು ಊರು. ಅಟ್ಲಾಂಟಾ ಯುನೈಟೆಡ್‌ನ ಪರಾಗ್ವೆ ಹುಡುಗ ಮಿಗೆಲ್ ಅಲ್ಮಿರೋನ್. ಹಿಂದಿನ ಡಿಸೆಂಬರ್‌ನಲ್ಲಷ್ಟೇ 73,019 ಜನರ ಮುಂದೆ ಕಪ್ ಗೆದ್ದಿದ್ದ. ವಾಷಿಂಗ್ಟನ್ನಿನಲ್ಲಿ ಡಿ.ಸಿ. ಯುನೈಟೆಡ್‌ನ ಅರ್ಜೆಂಟೀನಾದ ಪುಟ್ಟ ಮಾಂತ್ರಿಕ ಲೂಸಿಯಾನೊ ಅಕೋಸ್ಟಾ.

ಅಕೋಸ್ಟಾ ಬಗ್ಗೆ ಒಂದು ಮಾತು. 2018ರ ಬೇಸಿಗೆಯಲ್ಲಿ ವೇಯ್ನ್ ರೂನಿ ಇಲ್ಲಿಗೆ ಬಂದಾಗ ತಂಡ ಪಟ್ಟಿಯ ತಳದಲ್ಲಿತ್ತು. ಆಗಸ್ಟ್ 12ರಂದು ಆರ್ಲಾಂಡೊ ವಿರುದ್ಧ ಪಂದ್ಯ 2-2ರಲ್ಲಿ ಮುಗಿಯೋದರಲ್ಲಿತ್ತು. ನಮ್ಮ ಗೋಲು ಖಾಲಿ, ಎದುರಾಳಿ ಚೆಂಡು ತಗೊಂಡು ಓಡ್ತಿದ್ದಾನೆ. 32 ವರ್ಷದ ರೂನಿ ಅಟ್ಟಿಸಿಕೊಂಡು ಬಂದು ಚೆಂಡು ಕಿತ್ತು, ಎದ್ದು, ಉದ್ದಕ್ಕೆ ಒದ್ದ. ಅದಕ್ಕೆ ತಲೆ ಕೊಟ್ಟು ಮೂರನೇ ಗೋಲು ಹೊಡೆದವನು ಅಕೋಸ್ಟಾ. ಆ ರಾತ್ರಿ ನಾನು ಸೋಫಾ ಮೇಲೆ ನಿಂತಿದ್ದೆ, ಪಕ್ಕದಲ್ಲಿ ನಾಲ್ಕು ವರ್ಷದ ಮಗಳೂ ನಿಂತಿದ್ದಳು. ಯಾಕೆ ಅಂತ ಅವಳಿಗೆ ಗೊತ್ತಿರಲಿಲ್ಲ.

ಜನವರಿ 31, ಯುರೋಪಿನ ಕಿಟಕಿ ಮುಚ್ಚೋ ದಿನ. ಅಲ್ಮಿರೋನ್ ಸುಮಾರು 2 ಕೋಟಿ ಪೌಂಡ್‌ಗೆ ನ್ಯೂಕ್ಯಾಸಲ್ ಸೇರಿದ. ಆಗಿನ ಮಟ್ಟಿಗೆ ಈ ಲೀಗಿನ ದಾಖಲೆ. ಅಕೋಸ್ಟಾನನ್ನ ಪ್ಯಾರಿಸ್ ಕರೀತಿತ್ತು, ನೇಮಾರ್, ಎಂಬಾಪೆ ಇದ್ದ ಪ್ಯಾರಿಸ್. ಎರಡು ಕ್ಲಬ್‌ಗಳ ನಡುವೆ ಬೆಲೆ ಹೊಂದಲಿಲ್ಲ. ಗಂಟೆ ಮುಗಿಯಿತು. ಅವನು ಉಳಿದ, ಆದರೆ ಆ ವರ್ಷ ಅವನ ಆಟ ಹಿಂದಿನ ಹಾಗಿರಲಿಲ್ಲ. ವರ್ಷ ಮುಗಿದ ಮೇಲೆ ಮೆಕ್ಸಿಕೊಗೆ ಹೋದ. ಕಥೆ ಅಲ್ಲಿಗೇ ನಿಲ್ಲಲಿಲ್ಲ ಅನ್ನೋದು ಸಮಾಧಾನ: ಸಿನ್ಸಿನಾಟಿಗೆ ಬಂದು 2023ರಲ್ಲಿ ಲೀಗಿನ ಅತ್ಯುತ್ತಮ ಆಟಗಾರನಾದ. ಅಲ್ಮಿರೋನ್ ಕೂಡ 2025ರ ಜನವರಿಯಲ್ಲಿ ಅಟ್ಲಾಂಟಾಗೆ ವಾಪಸು ಬಂದ.

ಇಲ್ಲಿನ ಲೀಗ್ ಇಷ್ಟು ದಿನ ವಸಂತದಲ್ಲಿ ಶುರುವಾಗಿ ಚಳಿಗಾಲದಲ್ಲಿ ಮುಗೀತಿತ್ತು. ಬೇಸಿಗೆಯ ಅಂತೆ-ಕಂತೆ ಎಲ್ಲ ಆಟದ ನಡುವೆಯೇ. 2027ರ ಜುಲೈಯಿಂದ ಯುರೋಪಿನ ಹಾಗೆ ಬೇಸಿಗೆಯಿಂದ ಬೇಸಿಗೆಗೆ ಆಡೋಕೆ ತೀರ್ಮಾನವಾಗಿದೆ. ಅಂದರೆ ಇನ್ನು ಮೇಲೆ ನಮಗೂ ಖಾಲಿ ಜೂನ್. ಪಂದ್ಯವಿಲ್ಲದ, ಬರೀ ಪಿಸುಮಾತಿನ ಜೂನ್. ನನ್ನ ಬಾಲ್ಯದ ಥರಾನೇ.

ಬಾಗಿಲ ಹಿಂದೆ

ಮಗಳಿಗೆ ಈಗ ಕನ್ನಡ ಅರ್ಥವಾಗುತ್ತೆ, ಮಾತಾಡೋಕೆ ಸಂಕೋಚ. ಅವಳಿಗೆ "ಅಂತೆ" ಕಲಿಸಿದ್ದು ನಾನೇ, ಫುಟ್‌ಬಾಲ್ ಸುದ್ದಿ ಇಟ್ಟುಕೊಂಡು. "ಹೊಸ ಗೋಲ್‌ಕೀಪರ್ ಬರ್ತಾನಂತೆ." "ಕೋಚ್ ಹೋಗ್ತಾರಂತೆ." ಚೆನ್ನಾಗಿ ಹಿಡಿದುಕೊಂಡಳು. ಒಂದು ಬೇಸಿಗೆ ಪೂರ್ತಿ ಊಟದ ಮೇಜಿನಲ್ಲಿ ಇದೇ ಆಟ.

ಆಮೇಲೆ ನನ್ನ ಕಂಪನಿಯಲ್ಲಿ ಜನರನ್ನ ತೆಗೀತಾರಂತೆ ಅನ್ನೋ ಮಾತು ಶುರುವಾಯಿತು. ಶಾರ್ಲಟ್‌ನಲ್ಲಿ ಒಂದು ಬ್ಯಾಂಕಿನ ಕೆಲಸ ಇದೆಯಂತೆ ಅಂತ ಗೆಳೆಯನೊಬ್ಬ ಹೇಳಿದ. ನಾನೂ ಹೆಂಡತಿಯೂ ರಾತ್ರಿ ಅಡುಗೆಮನೆಯಲ್ಲಿ ಸಣ್ಣ ದನಿಯಲ್ಲಿ ಮಾತಾಡಿಕೊಂಡ್ವಿ, ಕನ್ನಡದಲ್ಲಿ. ಅವಳಿಗೆ ಗೊತ್ತಾಗಲ್ಲ ಅಂದುಕೊಂಡು.

ಮರುದಿನ ಪ್ರಾಕ್ಟೀಸ್‌ಗೆ ಕರ್ಕೊಂಡು ಹೋಗುವಾಗ ಹಿಂದಿನ ಸೀಟಿನಿಂದ ಕೇಳಿದಳು: "ಅಪ್ಪ, ನಾವು ಶಾರ್ಲಟ್‌ಗೆ ಹೋಗ್ತೀವಂತೆ?"

ವ್ಯಾಕರಣ ಸರಿಯಾಗಿತ್ತು. ನನಗೆ ಉತ್ತರ ಗೊತ್ತಿರಲಿಲ್ಲ. ನಮ್ಮಪ್ಪ ಎಂದೂ ಮಾಡದ ಒಂದು ಕೆಲಸ ಮಾಡಿದೆ. ಕಾರು ಪಕ್ಕಕ್ಕೆ ನಿಲ್ಲಿಸಿ ನನಗೆ ಗೊತ್ತಿದ್ದಷ್ಟನ್ನೂ ಹೇಳಿದೆ: ಕೆಲಸ ಹೋಗಬಹುದು, ಹೋಗದೆಯೂ ಇರಬಹುದು, ತೀರ್ಮಾನ ಆಗೋ ಮುಂಚೆ ಅವಳನ್ನೂ ಕೇಳ್ತೀವಿ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಲ್ಲೂ ಟೀಮ್ ಇದೆ ಅಲ್ವಾ?" ಅಂದಳು. ಇದೆ ಅಂದೆ. ಅದೊಂದು ಮಾತಿಗೆ ಮಾತ್ರ "ಅಂತೆ" ಬೇಕಿರಲಿಲ್ಲ.

ಆ ವರ್ಷ ನಾವು ಹೋಗಲಿಲ್ಲ. ಮುಂದಿನ ವರ್ಷ ಏನೋ, ಹೇಳೋಕಾಗಲ್ಲ. ಈಗಲೂ ಬೇಸಿಗೆ ಬಂದರೆ ಬೆಳಗ್ಗೆ ಕಾಫಿ ಜೊತೆ ಮೊದಲು ನೋಡೋದು ಯಾರು ಬರ್ತಾನಂತೆ, ಯಾರು ಹೋಗ್ತಾನಂತೆ ಅನ್ನೋದನ್ನೇ. ಆ ಚಟ ಬಿಟ್ಟಿಲ್ಲ. ಒಂದು ಮಾತ್ರ ಬದಲಾಗಿದೆ. ಹೆಸರು ಓದಿದ ಮೇಲೆ ಅವನಿಗೆ ಮಕ್ಕಳಿದ್ದಾರಾ ಅಂತಲೂ ಒಂದು ಸಲ ನೋಡ್ತೀನಿ.